ಕೋಳಿ ಹತ್ತದ ವ್ಯಾನು

ಪಾರಿವಾಳದ್ದೂ ಇರಬಹುದಲ್ಲ. ಬೆಳ್ಳಕ್ಕಿಯದೂ ಇರಬಹುದು. ಬಾಗಿಲು ತೆಗೆದು ನಿಲ್ಲಿಸಿದ ಗಾಡಿಯೊಳಗೆ ಗಾಳಿಗೆ ಒಂದು ಗರಿ ಹಾರಿ ಬಂದು ಬೀಳುವುದು ಏನು ದೊಡ್ಡ ಸಂಗತಿ? ಆದರೆ ಗಾಳಿಗೆ ಬಂದ ಗರಿಯ ತುದಿಯನ್ನು ಯಾರು ಕತ್ತರಿಸಿರುತ್ತಾರೆ?

ಎರ್ರಿಸ್ವಾಮಿ ವ್ಯಾನಿನ ಜಾರುಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಬಾಗಿಲು ಓಡುವ ಕಂಬಿಯ ಸಂದಿಯಲ್ಲಿ, ಗ್ರೀಸಿಗೆ ಮೆತ್ತಿದ ಮಣ್ಣಿನ ನಡುವೆ, ಬೆರಳುದ್ದದ ಬಿಳಿ ಗರಿಯೊಂದು ಸಿಕ್ಕಿಕೊಂಡಿತ್ತು. ಬುಡದ ಅರ್ಧ ಬರೀ ಕಡ್ಡಿ. ಮೇಲಿನ ಅರ್ಧದಲ್ಲಷ್ಟೇ ಗರಿ ಉಳಿದಿತ್ತು, ಅದರ ತುದಿಯೂ ಕತ್ತರಿ ಆಡಿಸಿದ ಹಾಗೆ ಓರೆಯಾಗಿತ್ತು. ಕೋಳಿ ಹಾರಿಹೋಗದಿರಲಿ ಎಂದು ರೆಕ್ಕೆ ಕತ್ತರಿಸುವುದನ್ನು ಅವನು ಸಂತೆಯಲ್ಲಿ ನೋಡಿದ್ದ.

"ಏನ್ಲೇ, ಉಂಗುರ ಕಳ್ಕಂಡೇನು ಅಲ್ಲಿ?" ಎಂದು ಹಿಂದಿನಿಂದ ಅಂಜಿನೇಯ ಕೇಳಿದ. ಅಂಜಿನೇಯ ಅವನದೇ ಊರಿನವನು, ಸಿದ್ದಾಪುರದವನು. ಚಳ್ಳಕೆರೆಯಲ್ಲಿ ಗ್ಯಾರೇಜು ಇಟ್ಟು ಹತ್ತು ವರ್ಷವಾಗಿತ್ತು. ಈ ವ್ಯಾನನ್ನು ಹುಡುಕಿಕೊಟ್ಟವನೂ ಅವನೇ.

"ಏನಿಲ್ಲ," ಎಂದ ಎರ್ರಿಸ್ವಾಮಿ. ಗರಿಯನ್ನು ಮೆಲ್ಲಗೆ ಎಳೆದು ಅಂಗಿಯ ಜೇಬಿನಲ್ಲಿದ್ದ ಲೈಸೆನ್ಸಿನ ಕವರಿನೊಳಗೆ ಸೇರಿಸಿದ.

ಅದಕ್ಕೆ ಮುಂಚೆ ಒಂದು ಗಂಟೆ ಅವನು ಆ ವ್ಯಾನನ್ನು ಹೆಣ್ಣು ನೋಡಲು ಬಂದವರಿಗಿಂತ ಹೆಚ್ಚಾಗಿ ನೋಡಿದ್ದ. ಡ್ರೈವರ್ ಸೀಟು ಎತ್ತಿ ಅದರಡಿಯ ಇಂಜಿನ್ ನೋಡಿದ. ಆಯಿಲ್ ಕಡ್ಡಿಯನ್ನು ಕಾಗದಕ್ಕೆ ಒರೆಸಿ ಬಣ್ಣ ನೋಡಿದ. ಕೆಳಗೆ ಚೀಲ ಹಾಸಿಕೊಂಡು ಮಲಗಿ ಚಾಸಿಗೆ ತುಕ್ಕು ಹಿಡಿದಿದೆಯೇ ಎಂದು ಬೆರಳು ಬಡಿದ. ಅಂಜಿನೇಯನನ್ನು ಕೂರಿಸಿಕೊಂಡು, ಹಿಂದೆ ಶೇಂಗಾದ ನಾಲ್ಕು ಚೀಲ ಹೇರಿ, ಏರಿನಲ್ಲಿ ಎರಡನೇ ಗೇರಿನಲ್ಲೇ ಹತ್ತಿಸಿದ. ಗಾಡಿಗೆ ಉಸಿರು ಕಟ್ಟಲಿಲ್ಲ. ಏಳು ಸೀಟು, ಮೂರನೇ ಸಾಲು ಮಡಚಿದರೆ ಸರಕಿಗೆ ಜಾಗ. ಮೇಲಾಗಿ ಎ.ಸಿ. ಇತ್ತು. ಎಂಟು ವರ್ಷ ಕುದಾಪುರದ ಸಂಶೋಧನಾ ಕೇಂದ್ರಕ್ಕೆ ಗುತ್ತಿಗೆದಾರನೊಬ್ಬನ ವ್ಯಾನು ಓಡಿಸಿದ್ದ ಅವನಿಗೆ, ಗಾಡಿಯ ಸದ್ದು ಕೇಳಿದರೆ ಸಾಕು, ಅದರ ಮೈ ಹೇಗಿದೆ ಎಂದು ತಿಳಿಯುತ್ತಿತ್ತು. ಇದರ ಮೈ ಚೆನ್ನಾಗಿತ್ತು.

ಮಾಲೀಕರಾದ ಚಂದ್ರಣ್ಣ ಒಳಗಿನಿಂದ ಚಹಾ ತಂದರು. ಪಡಸಾಲೆಯ ಗೋಡೆಗೆ ಹಲಗೆ ಹೊಡೆದು ಅದರ ಮೇಲೆ ಆರೇಳು ಕಪ್ಪುಗಳನ್ನು ಜೋಡಿಸಿದ್ದರು. ಪಕ್ಕದ ಮೊಳೆಗೆ ಉದ್ದನೆಯ ಚೀಲವೊಂದು ನೇತಾಡುತ್ತಿತ್ತು. ಎರ್ರಿಸ್ವಾಮಿ ಅದನ್ನೆಲ್ಲ ನೋಡಿದ. ಆದರೆ ಅವನ ಮನಸ್ಸು ಜೇಬಿನಲ್ಲಿತ್ತು.

"ಮೊದ್ಲು ಸ್ಕೂಲ್ ಮಕ್ಕಳಿಗೆ ಓಡಿಸ್ತಿದ್ದೆ ತಮ್ಮಾ," ಎಂದರು ಚಂದ್ರಣ್ಣ. "ಈಗ ಮೂರು ವರ್ಷದಿಂದ ಅದೂ ಇಲ್ಲ. ಶನಿವಾರ ಭಾನುವಾರ ಮಗಳನ್ನ ಆಟಕ್ಕೆ ಕರ್ಕಂಡು ಹೋಗಾದು, ಬರಾದು. ಅಷ್ಟೇ. ಒಂದಿನ ಲೋಡು ಹಾಕ್ದೋನಲ್ಲ."

"ಸುಳ್ಳು ಹೇಳ್ಬೇಡ್ರಿ ಚಂದ್ರಣ್ಣ. ಈಗ್ ನಾಲ್ಕ್ ಚೀಲ ಹಾಕಿದ್ವಲ್ಲ," ಎಂದ ಅಂಜಿನೇಯ.

"ಅದು ನಿನ್ ಪಾಪ," ಎಂದು ಚಂದ್ರಣ್ಣ ನಕ್ಕರು.

ಕೇಳಿಬಿಡಬಹುದಿತ್ತು. ಅಣ್ಣಾ, ಇದರಲ್ಲಿ ಕೋಳಿ ಸಾಗಿಸಿದ್ದೀರಾ ಎಂದು ಒಂದು ಮಾತು. ಆದರೆ ಮಾರುವವರು ಇಲ್ಲ ಎನ್ನದೆ ಇನ್ನೇನು ಹೇಳುತ್ತಾರೆ? ಆ ಇಲ್ಲ ಎನ್ನುವ ಮಾತನ್ನು ಹೊತ್ತುಕೊಂಡು ಹೋಗಿ ಅಪ್ಪನ ಮುಂದೆ ಇಳಿಸಬೇಕಾದವನು ತಾನು. ಚಹಾ ಕುಡಿದು ಲೋಟ ಕೆಳಗಿಟ್ಟ.

"ಯೋಚ್ನೆ ಮಾಡಿ ಹೇಳ್ತೀನಿ ಅಣ್ಣಾ."

ಅಂಜಿನೇಯ ಅವನ ಮುಖ ನೋಡಿದ. ಬೀದಿ ತಿರುಗಿದ ಮೇಲೆ ಬೈಕನ್ನು ಬದಿಗೆ ನಿಲ್ಲಿಸಿದ.

"ಏನ್ ಯೋಚ್ನೆ ಇನ್ನ? ಇಂಥಾ ಗಾಡಿ ಈ ರೇಟಿಗೆ ಈ ಜಿಲ್ಲೆನಾಗೆ ಸಿಗಲ್ಲ."

ಎರ್ರಿಸ್ವಾಮಿ ಲೈಸೆನ್ಸಿನ ಕವರು ತೆಗೆದು ತೋರಿಸಿದ. ಅಂಜಿನೇಯ ಗರಿಯನ್ನೂ ಅವನನ್ನೂ ಒಂದೆರಡು ಸಲ ನೋಡಿದ. ಅವರಿಬ್ಬರ ಮನೆತನಗಳಲ್ಲೂ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ. ಬೇರೆಯವರ ಕೋಳಿ ಅಂಗಳಕ್ಕೆ ಬಂದರೆ ಅಟ್ಟಿ ನೀರು ಚಿಮುಕಿಸುತ್ತಾರೆ. ಯಾವ ಕಾಲದಿಂದ ಎಂದು ಯಾರಿಗೂ ಗೊತ್ತಿಲ್ಲ.

"ನೀನು ದುರ್ಗದ ಹಾಸ್ಟೆಲಿನಾಗೆ ದಿನಾ ಆಮ್ಲೆಟ್ ತಿಂದ ಗಿರಾಕಿ," ಎಂದ ಅಂಜಿನೇಯ. "ಈಗ ಗರಿಗೆ ಹೆದರ್ತೀಯಾ?"

"ನಾನು ಹೆದರ್ತಿಲ್ಲ."

"ಮತ್ತೆ? ತೊಳ್ದು, ಗೋಮೂತ್ರ ಹಾಕಿ, ಪೂಜೆ ಮಾಡ್ಸಿ ತಗಂಡ್ ಹೋಗು. ನಿಮ್ಮಪ್ಪಗೆ ಯಾರ್ ಹೇಳ್ತಾರೆ?"

ಎರ್ರಿಸ್ವಾಮಿ ಗರಿಯನ್ನು ಕವರಿಗೆ ಮರಳಿ ಸೇರಿಸಿದ. ಯಾರೂ ಹೇಳುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅದೇ ಅವನಿಗೆ ತೊಡಕಾಗಿತ್ತು.

ಅವನ ಅಪ್ಪ ದೊಡ್ಡಪಾಲಯ್ಯ ಮೂವತ್ತೊಂದು ವರ್ಷ ದೇವರ ಎತ್ತುಗಳನ್ನು ಕಾಯುವ ಕಿಲಾರಿಯಾಗಿದ್ದವನು. ಮನೆದೇವರ ಹೆಸರಿನಲ್ಲಿ ಬಿಟ್ಟ ಆ ದನಗಳನ್ನು ಯಾರೂ ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಊರಿಂದ ಎರಡು ಹರದಾರಿ ದೂರದ ಹುಲ್ಲಿನ ಕಾವಲಿನಲ್ಲಿ ಮುಳ್ಳುಬೇಲಿಯ ರೊಪ್ಪದಲ್ಲಿ ಅವು ಇರುತ್ತವೆ. ಕಾಯುವವನು ಅಲ್ಲೇ ಮಲಗಬೇಕು, ರೊಪ್ಪದೊಳಗೆ ಚಪ್ಪಲಿ ಮೆಟ್ಟಬಾರದು, ಕೋಳಿಯ ಗಾಳಿಯೂ ಸೋಕದ ಹಾಗೆ ಇರಬೇಕು. ಹನ್ನೆರಡು ವರ್ಷದ ಹಿಂದೆ ಒಂದು ಸಂತೆ ದಿನ ಬಸ್ಸಿನಲ್ಲಿ ಬರುವಾಗ, ಯಾರೋ ಕಾಲು ಕಟ್ಟಿದ ನಾಲ್ಕು ಹುಂಜಗಳನ್ನು ತಂದು ದೊಡ್ಡಪಾಲಯ್ಯನ ಪಾದದ ಹತ್ತಿರ ಇಟ್ಟರು. ಅವನು ಯಾರ ಮೇಲೂ ಸಿಟ್ಟಾಗಲಿಲ್ಲ. ಕಂಡಕ್ಟರನಿಂದ ಸೀಟಿ ಊದಿಸಿ ನಡುದಾರಿಯಲ್ಲಿ ಇಳಿದ. ಊರಿಗೆ ನಡೆದು ಬಂದು, ಹಿತ್ತಲಿನಲ್ಲಿ ತಣ್ಣೀರು ಸುರಿದುಕೊಂಡ ಮೇಲೆ ಒಳಗೆ ಬಂದ. ಅಂದಿನಿಂದ ಬಸ್ಸು, ಆಟೊ, ಯಾರ ಗಾಡಿಯೂ ಇಲ್ಲ. ನಡಿಗೆ ಒಂದೇ.

ಎರಡು ವರ್ಷದ ಹಿಂದೆ ಮಂಡಿಗಳು ಸೋತವು. ಕಿಲಾರಿಕೆಯನ್ನು ಚಿತ್ತಪ್ಪನೆಂಬವನಿಗೆ ಒಪ್ಪಿಸಿ ಮನೆಗೆ ಬಂದವನು ಮತ್ತೆ ದನಗಳ ಮುಖ ನೋಡಿರಲಿಲ್ಲ. ಜಗಲಿಯ ಮೇಲೆ ಕೂತು, ಸಾಯಂಕಾಲ ಬೀದಿಯಲ್ಲಿ ಯಾರದೋ ದನ ಬಂದರೆ ಗಂಟೆಯ ಸದ್ದಿಗೆ ಕತ್ತು ಎತ್ತುತ್ತಿದ್ದ. ಅಷ್ಟೇ. ಕಾವಲಿಗೆ ಹೋಗಬೇಕು ಎಂದು ಒಮ್ಮೆಯೂ ಬಾಯಿ ಬಿಟ್ಟು ಹೇಳಿದವನಲ್ಲ. ಎರ್ರಿಸ್ವಾಮಿ ಸ್ವಂತ ವ್ಯಾನು ಕೊಳ್ಳಲು ಹೊರಟಿದ್ದಕ್ಕೆ ಹೆಂಡತಿಗೆ, ಗುತ್ತಿಗೆದಾರನಿಗೆ, ಬ್ಯಾಂಕಿಗೆ ಬೇರೆ ಬೇರೆ ಕಾರಣ ಕೊಟ್ಟಿದ್ದ. ಎಲ್ಲವೂ ನಿಜವೇ. ಆದರೆ ಆ ಎತ್ತಿದ ಕತ್ತು ಎಲ್ಲಕ್ಕಿಂತ ಮೊದಲಿನ ಕಾರಣ.

ಕೋಳಿಯ ವಿಷಯದಲ್ಲಿ ತನಗೆ ನಂಬಿಕೆ ಇದೆಯೇ ಎಂದು ಅವನು ಹಲವು ಸಲ ಕೇಳಿಕೊಂಡಿದ್ದ. ಅಪ್ಪ ತನ್ನನ್ನು ನಂಬಿ ಗಾಡಿ ಹತ್ತುತ್ತಾನೆ ಎಂಬುದು ಮಾತ್ರ ಗೊತ್ತಿತ್ತು.

ಮರುದಿನ ಚಂದ್ರಣ್ಣನಿಗೆ ಫೋನು ಮಾಡಿ, ಬೇಡ ಅಣ್ಣಾ ಎಂದ. ಕಾರಣ ಕೇಳಿದರೆ, ಹೊಸದೇ ತಗೊಳ್ಳೋಣ ಅಂತ ಎಂದ. ಅದೇ ಕಂಪನಿಯ ಹೊಸ ವ್ಯಾನು, ಇದ್ದುದರಲ್ಲಿ ಅಗ್ಗದ್ದು. ಏಳು ಸೀಟು, ಎ.ಸಿ. ಇಲ್ಲ, ಕಿಟಕಿಯ ಗಾಜು ಕೈಯಿಂದ ತಿರುವಬೇಕು, ಹಾಡಿಲ್ಲ. ಶೋರೂಮಿನ ಹುಡುಗಿ ಬೇರೆ ಮಾದರಿಗಳನ್ನು ತೋರಿಸುತ್ತ ಹೋದಂತೆ ಅವನು ಒಂದೇ ಪ್ರಶ್ನೆ ಕೇಳುತ್ತಿದ್ದ: ಇದರಲ್ಲಿ ಇನ್ನೂ ಯಾರೂ ಕೂತಿಲ್ಲ ಅಲ್ಲವೇ?

ವ್ಯಾನು ಮನೆ ಮುಂದೆ ಬಂದು ನಿಂತ ದಿನ ಅವ್ವ ಪಾಲಮ್ಮ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಳು. ಸೀಟಿನ ಪ್ಲಾಸ್ಟಿಕ್ಕು ಕೀಳಲು ಹೋದ ಸೊಸೆಯ ಕೈ ಹಿಡಿದು, "ಇರ್ಲಿ ಬಿಡೆ, ಹೊಸ್ದು ಅಂತ ನಾಲ್ಕ್ ಜನಕ್ಕೆ ಗೊತ್ತಾಗ್ಲಿ," ಎಂದಳು.

ಹೆಂಡತಿ ಶಶಿರೇಖಾ ಒಳಗೆ ಕೂತು ಗಾಜನ್ನು ಮೇಲೆ ಕೆಳಗೆ ತಿರುವಿದಳು. "ಎ.ಸಿ. ಐತೆ ಅಂದಿದ್ರಲ್ಲ?"

"ಅದು ಬೇರೆ ಗಾಡಿ."

"ಬೇರೆ ಗಾಡಿ ಕಡಿಮೆಗೂ ಬರ್ತಿತ್ತು, ತಣ್ಣಗೂ ಇತ್ತು. ಜಾಸ್ತಿ ಕೊಟ್ಟು ಬಿಸಿಲು ತಂದೀರಿ." ಹಿಂದಿನ ಸಾಲಿಗೆ ಹೋಗಿ ಕೂತು ನೋಡಿದಳು. ಮಂಡಿ ಗದ್ದಕ್ಕೆ ಬಂತು. "ಇಲ್ಲಿ ಆಡಿನ ಮರಿ ಕೂರ್ಸಾಕೆ ಸರಿ."

"ಮರೀನೇ ಕೂರ್ಲಿ. ಮಕ್ಕಳಿಗೆ ಇರೋದದು," ಎಂದು ಅವನು ನಕ್ಕ. ಹೊಸ ಬೀಗದ ಕೈ ಅಂಗೈಯಲ್ಲಿ ಬೆಚ್ಚಗಿತ್ತು. ಅವರ ಮನೆಯಲ್ಲಿ ಅದುವರೆಗೆ ಯಾರ ಹೆಸರಿನಲ್ಲೂ ನಾಲ್ಕು ಚಕ್ರ ಇರಲಿಲ್ಲ. ಓರಗೆಯವರು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಹೋಗುತ್ತಿದ್ದರು. ಒಬ್ಬೊಬ್ಬರು ಇಟ್ಟಾಗಲೂ ಅವನ ಎದೆ ಒಂದು ಗೇಣು ಅಗಲವಾಗುತ್ತಿತ್ತು.

ದೊಡ್ಡಪಾಲಯ್ಯ ಮಾತ್ರ ಜಗಲಿ ಬಿಟ್ಟು ಇಳಿದಿರಲಿಲ್ಲ. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ದೂರದಿಂದ ನೋಡುತ್ತಿದ್ದ. ಬಂದವರು ಏನಾದರೂ ಕೇಳಿದರೆ ತಲೆಯಾಡಿಸುತ್ತಿದ್ದ. ಎರ್ರಿಸ್ವಾಮಿಯೂ ಕರೆಯಲಿಲ್ಲ. ಕರೆದು, ಅಪ್ಪ ಒಲ್ಲೆ ಎಂದರೆ, ಆಮೇಲೆ ಆ ವ್ಯಾನಿನಲ್ಲಿ ಅವನಿಗೆ ಏನೂ ಉಳಿಯುತ್ತಿರಲಿಲ್ಲ.

ಆಗ ಅಂಜಿನೇಯ ಸಿಹಿ ತಿನ್ನುತ್ತ ಜಗಲಿಯ ತುದಿಯಲ್ಲಿ ಕೂತು, ಯಾರೂ ಕೇಳದೆ ಇದ್ದರೂ ಹೇಳಿಬಿಟ್ಟ. "ಮಾವ, ನಿನ್ ಮಗನಿಗೆ ಹುಚ್ಚು. ಚಳ್ಳಕೆರೆನಾಗೆ ಬಂಗಾರದಂಥಾ ಗಾಡಿ ಕೊಡ್ಸಿದ್ದೆ. ಬಾಗಿಲಿನ ಸಂದಿನಾಗೆ ಇಷ್ಟೇ ಇಷ್ಟು ಕೋಳಿ ಗರಿ ಸಿಕ್ತು ಅಂತ ಬಿಟ್ ಬಂದ. ಇಷ್ಟೇ ಇಷ್ಟು." ಬೆರಳು ತೋರಿಸಿದ.

ಎರ್ರಿಸ್ವಾಮಿ ಅವನನ್ನು ತಡೆಯಲು ಕೈ ಎತ್ತಿದ. ತಡವಾಗಿತ್ತು. ಶಶಿರೇಖಾ ಗಾಜು ತಿರುವುವುದನ್ನು ನಿಲ್ಲಿಸಿದಳು. ದೊಡ್ಡಪಾಲಯ್ಯ ಅಂಜಿನೇಯನ ಬೆರಳನ್ನೇ ನೋಡುತ್ತಿದ್ದ. ಆಮೇಲೆ ಕೋಲೂರಿ ಎದ್ದ. ಜಗಲಿ ಇಳಿದು ವ್ಯಾನಿನ ಸುತ್ತ ಒಂದು ಸುತ್ತು ಬಂದ. ದನ ಕೊಳ್ಳುವವನ ಹಾಗೆ ಪಕ್ಕೆಯ ಮೇಲೆ ಎರಡು ಸಲ ತಟ್ಟಿದ.

"ಬರೋ ಭಾನುವಾರ ರಜಾನಾ ನಿಂಗೆ?" ಎಂದು ಮಗನನ್ನು ಕೇಳಿದ.

"ಹೂಂ ಅಪ್ಪ."

"ಕಾವಲಿಗೆ ಹೋಗಿ ಬರಾನ." ಎರಡು ಹೆಜ್ಜೆ ಹೋಗಿ ನಿಂತು, ತಿರುಗಿ ಹೇಳಿದ. "ಕುದಾಪುರದ ಮಂದಿ ಇದ್ರಾಗೆ ಕೂತಾಗ ಏನೇನು ತರ್ತಾರೋ, ಅದ್ನ ನೋಡ್ಕೋ."

ಆ ರಾತ್ರಿಯೇ ಶಶಿರೇಖಾ ಮಗಳ ಡ್ರಾಯಿಂಗ್ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು: ಈ ವಾಹನದಲ್ಲಿ ಕೋಳಿ, ಮೊಟ್ಟೆ ತರಬೇಡಿ. ಬರೆದು, ತಾನೇ ಡ್ರೈವರ್ ಸೀಟಿನ ಬೆನ್ನಿಗೆ ಅಂಟಿಸಿದಳು. ಬಿಸಿಲಿನ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಮರುದಿನ, ಸೋಮವಾರದಿಂದ, ವ್ಯಾನು ಕುದಾಪುರದ ಬೆಳಗಿನ ಪಾಳಿಗೆ ಸೇರಿತು. ಹುಲ್ಲುಗಾವಲಿನ ನಡುವಿನ ನೇರ ರಸ್ತೆಯಲ್ಲಿ, ಇಷ್ಟು ವರ್ಷ ಓಡಿಸಿದ ಅದೇ ದಾರಿಯಲ್ಲಿ, ಸ್ಟೇರಿಂಗು ಮಾತ್ರ ತನ್ನದು. ಸಿಬ್ಬಂದಿ ಚೀಟಿ ಓದಿ ನಕ್ಕರು. ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಶೈಲಜಾ, "ಎರ್ರಿಸ್ವಾಮಿ, ಕೇಕ್ ತರಬಹುದಾ? ಅದಕ್ಕೂ ಮೊಟ್ಟೆ ಹಾಕ್ತಾರೆ," ಎಂದು ಕೇಳಿದಳು.

ಅವನು ಗೇರು ಬದಲಿಸುವಷ್ಟು ಹೊತ್ತು ಯೋಚಿಸಿದ. "ಹೊಟ್ಟೆನಾಗೆ ಹಾಕ್ಕಂಡು ಬರ್ರಿ ಮೇಡಂ. ಒಳಗಿರೋದನ್ನ ನಾನು ಕೇಳಲ್ಲ."

ಗುರುವಾರ ಸಾಯಂಕಾಲ ಕೇಂದ್ರದ ವಸತಿಗೃಹದ ಕಾಂಪೌಂಡಿನ ಹೊರಗೆ ವ್ಯಾನು ನಿಲ್ಲಿಸಿಕೊಂಡು ಕಾಯುತ್ತಿದ್ದ. ಗೋಡೆಯ ಆಚೆ ಯಾರೋ ಆಡುತ್ತಿದ್ದರು. ಟಪ್ ಟಪ್ ಎನ್ನುವ ಸದ್ದು, ನಡುವೆ ನಗು. ಒಮ್ಮೆಲೇ ಏನೋ ಬೆಳ್ಳಗೆ ಗೋಡೆ ಹಾರಿ ಬಂದು ಅವನ ಕಾಲ ಬಳಿ ಬಿತ್ತು.

ಶಟಲ್ ಕಾಕು. ಅವನು ಊರಲ್ಲಿ, ಹಾಸ್ಟೆಲಿನಲ್ಲಿ ಆಡಿದ್ದೆಲ್ಲ ಹಳದಿ ಪ್ಲಾಸ್ಟಿಕ್ಕಿನದು. ಇದು ಗರಿಯದು. ಬಿಳಿ ಗರಿಗಳನ್ನು ಸುತ್ತ ನೆಟ್ಟು, ನಡುವೆ ದಾರ ಸುತ್ತಿದ್ದರು. ಬುಡದ ಅರ್ಧ ಬರೀ ಕಡ್ಡಿ. ಮೇಲಿನ ಅರ್ಧ ಮಾತ್ರ ಗರಿ. ತುದಿ ಓರೆಯಾಗಿ ಕತ್ತರಿಸಿದ್ದು.

ಎರ್ರಿಸ್ವಾಮಿ ಲೈಸೆನ್ಸಿನ ಕವರು ತೆಗೆದ. ತನ್ನ ಗರಿಯನ್ನು ಅದರ ಗರಿಯ ಪಕ್ಕ ಹಿಡಿದ. ಉದ್ದ ಒಂದೇ, ಓರೆ ಒಂದೇ. ಚಂದ್ರಣ್ಣನ ಪಡಸಾಲೆ ಕಣ್ಣ ಮುಂದೆ ಬಂತು. ಗೋಡೆಯ ಮೇಲೆ ಮಗಳು ಆಟದಲ್ಲಿ ಗೆದ್ದ ಕಪ್ಪುಗಳು, ಮೊಳೆಗೆ ನೇತುಹಾಕಿದ ಉದ್ದನೆಯ ಚೀಲ, ಮಗಳನ್ನ ಆಟಕ್ಕೆ ಕರ್ಕಂಡು ಹೋಗಾದು ಎಂಬ ಮಾತು. ಅದು ರ್‍ಯಾಕೆಟ್ಟಿನ ಚೀಲ. ಎಲ್ಲವೂ ಅವನ ಕಣ್ಣಿಗೆ ಬಿದ್ದಿತ್ತು. ಅವನು ನೋಡಿದ್ದು ಕೋಳಿಯನ್ನು.

"ಆ ಕಾಕು ಇಲ್ಲಿ ಬಿತ್ತಾ?" ಶೈಲಜಾ ಗೇಟಿನಿಂದ ಓಡಿ ಬಂದಳು.

"ಇದು ಯಾವ ಹಕ್ಕಿ ಗರಿ ಮೇಡಂ?"

"ಹಂಸದ್ದೋ ಏನೋ. ಚೀನಾದಿಂದ ಬರುತ್ತಂತೆ." ಅವಳು ಕೈ ಚಾಚಿದಳು. ಆಮೇಲೆ ಸೀಟಿನ ಬೆನ್ನಿನ ಚೀಟಿ ನೆನಪಾಗಿ, "ಕೋಳಿದಲ್ಲ ಬಿಡಿ, ನಿಮ್ಮ ಗಾಡಿಗೆ ಹತ್ತಬಹುದು," ಎಂದು ನಕ್ಕಳು.

ಅವನೂ ನಕ್ಕ. ಅವಳು ಹೋದ ಮೇಲೆ ತುಂಬ ಹೊತ್ತು ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. ಒಬ್ಬ ನೇರ ಮನುಷ್ಯನ ಮಾತನ್ನು ತಾನು ಮನಸ್ಸಿನಲ್ಲೇ ಸುಳ್ಳು ಮಾಡಿದ್ದ. ತಣ್ಣನೆಯ, ಗಟ್ಟಿಮುಟ್ಟಾದ ಗಾಡಿಯನ್ನು ಆಟದ ಸಾಮಾನಿನ ಒಂದು ತುಂಡಿಗೆ ಬಿಟ್ಟು ಬಂದಿದ್ದ. ಇದನ್ನು ಅಂಜಿನೇಯನಿಗೆ ಹೇಳಿದರೆ ಅವನು ಸಾಯುವವರೆಗೆ ನಗುತ್ತಾನೆ. ಶಶಿರೇಖಾ ಮತ್ತೆ ಗಾಜು ತಿರುವುತ್ತಾಳೆ. ಅಪ್ಪ? ಅಪ್ಪ ಏನು ಮಾಡುತ್ತಾನೆ ಎಂದು ಅವನಿಗೆ ತಿಳಿಯಲಿಲ್ಲ. ಗರಿಯನ್ನು ಕವರಿನೊಳಗೆ ಮತ್ತೆ ಸೇರಿಸಿ, ಭಾನುವಾರ ದಾರಿಯಲ್ಲಿ ಹೇಳಿಬಿಡೋಣ ಎಂದುಕೊಂಡ.

ಭಾನುವಾರ ಮೂರನೇ ಸಾಲನ್ನು ಮಡಚಿ ಶೇಂಗಾ ಹೊಟ್ಟು ತುಂಬಿದರು. ಹೊಟ್ಟಿನ ಘಮ ಹೊಸ ಪ್ಲಾಸ್ಟಿಕ್ಕಿನ ವಾಸನೆಯನ್ನು ಮುಚ್ಚಿಬಿಟ್ಟಿತು. ನಡುವಿನ ಸಾಲಿನಲ್ಲಿ ಅವ್ವ, ಶಶಿರೇಖಾ, ಇಬ್ಬರು ಮಕ್ಕಳು. ಮುಂದಿನ ಸೀಟು ಅಪ್ಪನದು. ದೊಡ್ಡಪಾಲಯ್ಯ ಬಿಳಿ ಪಂಚೆ ಉಟ್ಟು, ತಲೆಗೆ ಒಗೆದ ರುಮಾಲು ಸುತ್ತಿದ್ದ. ಬಾಗಿಲ ಹಿಡಿ ಹಿಡಿದು ಒಂದು ಕಾಲು ಇಟ್ಟು, ನಿಂತು, ಇನ್ನೊಂದು ಕಾಲು ಇಟ್ಟ. ಯಾರೂ ಕೈ ಕೊಡಲಿಲ್ಲ. ಕೊಟ್ಟಿದ್ದರೆ ಹಿಡಿಯುತ್ತಿರಲಿಲ್ಲ.

ಹನ್ನೆರಡು ವರ್ಷಗಳಲ್ಲಿ ಅಪ್ಪ ಹತ್ತಿದ ಮೊದಲ ಗಾಡಿ ಅದು.

ಊರು ದಾಟಿ ಬಂಡೆಗುಡ್ಡಗಳ ನಡುವಿನ ಮಣ್ಣುದಾರಿಗೆ ಇಳಿದರು. ಸ್ವಲ್ಪ ದೂರ ಹೋದ ಮೇಲೆ ಅಪ್ಪ ಸೀಟಿನ ಮೇಲೆ ಅಂಗೈ ಇಟ್ಟು ನೋಡಿದ. "ಕೆಳಗೆ ಬೆಚ್ಚಗೈತಲ್ಲೋ."

"ಇಂಜಿನ್ ಅಲ್ಲೇ ಐತೆ ಅಪ್ಪ. ಈ ಗಾಡಿ ಇಷ್ಟೇ. ಸೆಕೆ ಆಗ್ತೈತಾ?"

"ಇಲ್ಲೇಳು. ಮಂಡಿಗೆ ಕಾವು ಕೊಟ್ಟಂಗೈತೆ. ಕಾಸು ಕೊಟ್ರೂ ಸಿಗಲ್ಲ ಇಂಥಾ ಸೀಟು."

ಹಿಂದೆ ಶಶಿರೇಖಾ ಬಾಯಿಗೆ ಸೆರಗು ಹಿಡಿದು ನಕ್ಕಳು. ಎರ್ರಿಸ್ವಾಮಿ ಈಗ ಹೇಳಬೇಕು ಎಂದುಕೊಂಡ. ಅಪ್ಪ, ಆ ಗರಿ ಎಂದು ಮನಸ್ಸಿನಲ್ಲೇ ಶುರು ಮಾಡಿದ. ಅಷ್ಟರಲ್ಲಿ ಗುಡ್ಡದ ತಿರುವಿನಲ್ಲಿ ರೊಪ್ಪದ ಬೇಲಿ ಕಂಡಿತು.

ಬೇಲಿಯ ಹೊರಗೆ ಎಲ್ಲರೂ ಚಪ್ಪಲಿ ಬಿಟ್ಟರು. ದೊಡ್ಡಪಾಲಯ್ಯ ಕೋಲನ್ನೂ ಬಿಟ್ಟ. ನಾಲ್ಕು ಹೆಜ್ಜೆ ನಡೆದು, ತೆಲುಗಿನಲ್ಲಿ, "ರಾ, ರಾ ನಾಯನಾ," ಎಂದು ಮೆಲ್ಲಗೆ ಕರೆದ. ಅವನು ದನಗಳ ಜೊತೆ ಯಾವತ್ತೂ ತೆಲುಗಿನಲ್ಲೇ ಮಾತಾಡುತ್ತಿದ್ದುದು. ಮೊದಲು ಒಂದು ಹಣೆ ಎದ್ದಿತು. ಆಮೇಲೆ ಒಂದೊಂದಾಗಿ ಎಲ್ಲವೂ. ಬಿಳಿಯ ಮುದಿ ಹಸುವೊಂದು ಬಂದು ಅವನ ಭುಜಕ್ಕೆ ಮೂತಿ ಒತ್ತಿ ನಿಂತಿತು. ಅವನು ಅದರ ಗಂಗೆದೊಗಲು ಸವರುತ್ತಲೇ ಇದ್ದ.

ಈಗಿನ ಕಿಲಾರಿ ಚಿತ್ತಪ್ಪ ಹೊಟ್ಟು ಇಳಿಸಿಕೊಳ್ಳಲು ಬಂದು, ವ್ಯಾನಿನಿಂದ ನಾಲ್ಕು ಮಾರು ದೂರದಲ್ಲೇ ನಿಂತ. "ಗಾಡಿ ಎಲ್ಲೆಲ್ಲಿ ಓಡಾಡಿರ್ತೈತೋ ದೊಡ್ಡಣ್ಣ," ಎಂದ ಹಿಂಜರಿಯುತ್ತ. "ಇದ್ರಾಗಿನ ಹೊಟ್ಟು ಒಳಗೆ ಬಿಡಬೌದಾ?"

ದೊಡ್ಡಪಾಲಯ್ಯ ಹಸುವಿನ ಕೊರಳಿಂದ ಕೈ ತೆಗೆಯದೆ ತಿರುಗಿದ. ಅವನ ದನಿ ಅಷ್ಟು ಗಟ್ಟಿಯಾಗಿ ಕೇಳಿ ಎರಡು ವರ್ಷವಾಗಿತ್ತು.

"ಬಾ ಚಿತ್ತಪ್ಪ, ಹತ್ರ ಬಂದು ಮುಟ್ಟು. ಇದ್ರಾಗೆ ಕೋಳಿ ಹತ್ತಿಲ್ಲ, ಹತ್ತಲ್ಲ. ಚಳ್ಳಕೆರೆನಾಗೆ ಇದಕ್ಕಿಂತ ದೊಡ್ಡಸ್ತಿಕೆಯ ಗಾಡಿ, ತಣ್ಣಂದು, ಕಡಿಮೆಗೆ ಸಿಗ್ತಿತ್ತು ನನ್ನ ಮಗನಿಗೆ. ಒಂದು ಗರಿ. ಒಂದೇ ಒಂದು ಗರಿ ಕಂಡಿದ್ದಕ್ಕೆ ಬಿಟ್ಟು ಬಂದ. ನಾನು ಹೇಳಿರ್ಲಿಲ್ಲ. ಯಾರೂ ನೋಡ್ತಿರ್ಲಿಲ್ಲ." ಹಸುವಿನ ಕೊರಳನ್ನು ಒಮ್ಮೆ ತಟ್ಟಿದ. "ಮೂವತ್ತೊಂದು ವರ್ಷ ನಾನು ಕಾಯ್ದೆ ಅಂದ್ಕಂಡಿದ್ದೆ. ಇವನೂ ಕಾಯ್ತಿದ್ದ, ನಂಗೆ ಗೊತ್ತಿರ್ಲಿಲ್ಲ."

ಚಿತ್ತಪ್ಪ ಹತ್ತಿರ ಬಂದು ವ್ಯಾನಿನ ಪಕ್ಕೆಯ ಮೇಲೆ ಅಂಗೈ ಇಟ್ಟ. ಆಮೇಲೆ ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡ.

ಎರ್ರಿಸ್ವಾಮಿಯ ಅಂಗಿಯ ಜೇಬಿನಲ್ಲಿ ಲೈಸೆನ್ಸಿನ ಕವರು ಇತ್ತು. ಅವನು ಬಗ್ಗಿ ಹೊಟ್ಟಿನ ಮೊದಲ ಹೊರೆಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ರೊಪ್ಪದ ಕಡೆ ನಡೆದ.

ಆ ಗರಿ ಶಟಲ್ ಕಾಕಿನದು, ಯಾವ ಕೋಳಿಯದೂ ಅಲ್ಲ ಎಂದು ಅವನು ಅಪ್ಪನಿಗೆ ಹೇಳಲೇ ಇಲ್ಲ.